ಹೊಲಿಗೆ ಟೀಚರ್ ಹತ್ತಿಸಿದ ಗುಡ್ಡೆ

ಕಳೆದ ವಾರ ಮಗಳ ಶಾಲಾ ಚೀಲಕ್ಕೆ ಹೊಸ ಜಿಪ್ ಹಾಕಿಸಲು ಕಲ್ಲಡ್ಕದ ಒಂದು ಟೈಲರ್ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಆಗಷ್ಟೇ ಮೆಷಿನಿಗೆ ಎಣ್ಣೆ ಬಿಟ್ಟು, ಹಳೆಯ ಬಟ್ಟೆಯ ತುಂಡೊಂದರ ಮೇಲೆ ಸುಮ್ಮನೆ ಹೊಲಿಗೆ ಓಡಿಸುತ್ತಿದ್ದರು. ಬಿಸಿಯಾದ ಮೆಷಿನ್ ಎಣ್ಣೆಯ ವಾಸನೆ, ಅದರ ಜೊತೆಗೆ ಹೊಸ ಕಾಟನ್ ಬಟ್ಟೆಯ ಗಂಜಿಯ ವಾಸನೆ... ಹೆದ್ದಾರಿಯ ಲಾರಿಗಳ ಸದ್ದು ನನ್ನ ಕಿವಿಗೆ ಬೀಳುವುದು ನಿಂತೇಹೋಯಿತು. ಹದಿನೆಂಟು ವರ್ಷಗಳ ಹಿಂದಿನ ಮೂಡುಬಿದಿರೆಯ ಮಹಡಿ ಕೋಣೆಯೊಂದರಲ್ಲಿ, ಮೂರನೆಯ ಸಲ ಬಿಚ್ಚಿದ ರವಿಕೆಯ ತೋಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಪಕ್ಕದಲ್ಲೇ ಹೊಲಿಗೆ ಟೀಚರ್ ನಿಂತಿದ್ದರು.

ನಮಗೆ ಅವರು ಹೊಲಿಗೆ ಟೀಚರ್. ಊರಿಗೂ ಅಷ್ಟೇ. ಕೊಡೆ ಅಂಗಡಿಯ ಮೇಲಿನ ಮಹಡಿಯಲ್ಲಿ ಆರು ಮೆಷಿನ್ ಇಟ್ಟುಕೊಂಡು ವರ್ಷಕ್ಕೆ ಎರಡು ಬ್ಯಾಚ್ ನಡೆಸುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಎತ್ತರದ ತೆಳ್ಳನೆಯ ಮೈ. ಬಸ್ ಸ್ಟ್ಯಾಂಡಿನಲ್ಲಿ ಕಂಡರೂ ಕೊರಳಲ್ಲಿ ಅಳತೆ ಟೇಪು. ಮದುವೆಯಾಗಿರಲಿಲ್ಲ, ತಂಗಿಯ ಮನೆಯಲ್ಲಿದ್ದರು. ಯಾಕೆ ಆಗಲಿಲ್ಲ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹೊಲಿಗೆ ಸ್ವಲ್ಪ ಸಡಿಲವಾದರೂ ಅವರ ಬೆರಳು ಅದರ ಮೇಲೆ ಬಂದು ನಿಲ್ಲುತ್ತಿತ್ತು.

"ಬಿಚ್ಚು. ಇನ್ನೊಮ್ಮೆ ಹಾಕು."

"ಒಳಗಿನದ್ದಲ್ಲವಾ ಟೀಚರ್, ಯಾರಿಗೂ ಕಾಣುವುದಿಲ್ಲ."

"ನೋಡುವವರಿಗೆ ಕಾಣುವುದಿಲ್ಲ. ಹಾಕಿಕೊಂಡವಳಿಗೆ ಗೊತ್ತಾಗ್ತದೆ."

ಪ್ರತಿ ಬ್ಯಾಚ್ ಮುಗಿಯುವಾಗ ಅವರು ಹುಡುಗಿಯರನ್ನು ಒಂದು ದಿನ ಎಲ್ಲಿಗಾದರೂ ಕರೆದೊಯ್ಯುತ್ತಿದ್ದರು. ಸಮುದ್ರ ತೀರ, ಇಲ್ಲವಾದರೆ ಯಾವುದಾದರೂ ದೇವಸ್ಥಾನ. ನಮ್ಮ ಬ್ಯಾಚಿನಲ್ಲಿ ನಾವು ಎಂಟು ಮಂದಿ. ಡಿಸೆಂಬರಿನ ಒಂದು ಸಂಜೆ ಮೆಷಿನುಗಳಿಗೆ ಮುಸುಕು ಹಾಕಿಸುತ್ತಾ ಅವರು, "ಈ ಸಲ ಗುಡ್ಡೆಗೆ ಹೋಗುವ," ಎಂದರು. ಬೆಳ್ತಂಗಡಿಯಿಂದ ಮೇಲೆ, ಘಟ್ಟದ ಕಾಡಿನೊಳಗೆ, ಅರಣ್ಯ ಇಲಾಖೆಯ ವಾಚರುಗಳು ಉಳಿದುಕೊಳ್ಳುವ ಒಂದು ಸಣ್ಣ ಮನೆ ಉಂಟಂತೆ. ಅನುಮತಿ ಚೀಟಿ ಸಿಗುತ್ತದಂತೆ. ಶನಿವಾರ ಹತ್ತಿ, ಅಲ್ಲಿ ಉಳಿದು, ಆದಿತ್ಯವಾರ ಇಳಿಯುವುದು.

ಬಟ್ಟೆ ಅಂಗಡಿಯವರ ಮಗಳು ಝೊಹರಾ ಬಾಯಿ ತೆರೆದಳು. "ನಡ್ಕೊಂಡಾ ಟೀಚರ್?"

"ಮತ್ತೆ? ಅಲ್ಲಿಗೆ ಬಸ್ಸು ಹೋಗ್ತದಾ?"

ನಾವು ಮನೆಗಳಲ್ಲಿ ಕೇಳಿದೆವು. ಎಂಟರಲ್ಲಿ ಏಳು ಮನೆಗಳಲ್ಲಿ ಬೇಡ ಎಂದರು. ಹೆಣ್ಣುಮಕ್ಕಳಿಗೆ ಕಾಡಿನಲ್ಲಿ ಏನು ಕೆಲಸ? ಉಳಿದೊಂದು ಮನೆಯವರು ವಿಷಯ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ, ಅಷ್ಟೇ. ಟೀಚರ್ ಬೇಸರಿಸಲಿಲ್ಲ. ಎರಡು ವಾರ, ಕ್ಲಾಸು ಮುಗಿದ ಮೇಲೆ, ಕೊಡೆ ಹಿಡಿದು ಒಂದೊಂದೇ ಮನೆಗೆ ಹೋದರು. ಮಿಜಾರಿನ ನಮ್ಮ ಮನೆಯಲ್ಲಿ ಅಪ್ಪನೆದುರು ಕುಳಿತು ಒಂದು ಗಂಟೆ ಮಾತನಾಡಿದರು. ಝೊಹರಾಳ ತಂದೆ ಕೇಳಿದ್ದು ಒಂದೇ ಪ್ರಶ್ನೆಯಂತೆ. "ಅಲ್ಲಿ ನಮಾಜಿಗೆ ಜಾಗ ಉಂಟಾ?" ಟೀಚರ್, "ಅಷ್ಟು ದೊಡ್ಡ ಕಾಡಿನಲ್ಲಿ ಒಂದು ಚಾಪೆಗೆ ಜಾಗ ಇಲ್ಲದೆ ಇರ್ತದಾ ಸಾಹೇಬ್ರೇ?" ಎಂದರಂತೆ. ಅವರು ನಕ್ಕು ಒಪ್ಪಿಬಿಟ್ಟರು.

ಕಷ್ಟವಾದದ್ದು ಸುಜಾತಳ ಮನೆ. ಅವಳಿಗೆ ಮದುವೆಯಾಗಿ ಆರು ತಿಂಗಳು, ಗಂಡ ದುಬೈಯಲ್ಲಿ. ಅಳದಂಗಡಿಯ ಅತ್ತೆ ಮನೆಯಿಂದ ದಿನಾ ಬಸ್ಸಿನಲ್ಲಿ ಕ್ಲಾಸಿಗೆ ಬರುತ್ತಿದ್ದಳು. ಅಲ್ಲಿಗೆ ಟೀಚರ್ ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ಅವಳ ಅತ್ತೆ ನಮಗೆ ಬೆಲ್ಲ ನೀರು ಕೊಟ್ಟು, ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

"ಹೆಚ್ಚು ಕಡಿಮೆ ಆದ್ರೆ ನಾನು ನನ್ನ ಮಗನಿಗೆ ಏನು ಹೇಳುವುದು ಟೀಚರ್?"

"ಕರ್ಕೊಂಡು ಹೋದ ಹಾಗೆಯೇ ತಂದು ಬಿಡ್ತೇನೆ. ಇದು ನನ್ನ ಮಾತು."

"ಮಾತು ಕೊಟ್ಟಿದ್ದೀರಿ," ಎಂದಷ್ಟೇ ಹೇಳಿ ಅತ್ತೆ ಲೋಟ ಎತ್ತಿಕೊಂಡು ಒಳಗೆ ಹೋದರು.

ಶನಿವಾರ ಬೆಳಿಗ್ಗೆ ಜೀಪು ನಮ್ಮನ್ನು ರಸ್ತೆ ಮುಗಿಯುವಲ್ಲಿ ಇಳಿಸಿತು. ಐವತ್ತೈದು ದಾಟಿದ ಒಬ್ಬ ವಾಚರ್ ಕತ್ತಿ ಹಿಡಿದು ಕಾಯುತ್ತಿದ್ದರು. ಟೀಚರ್ ಸೀರೆಯನ್ನು ಎತ್ತಿ ಕಟ್ಟಿ, ಕಾಲಿಗೆ ಬಿಳಿಯ ಕ್ಯಾನ್ವಾಸ್ ಶೂ ಹಾಕಿಕೊಂಡಿದ್ದರು. ಆ ವೇಷ ನೋಡಿ ನಮಗೆ ನಗು. ಅರ್ಧ ಗಂಟೆಯಲ್ಲಿ ನಗುವಷ್ಟು ಉಸಿರು ಯಾರಲ್ಲೂ ಉಳಿಯಲಿಲ್ಲ.

ಮೊದಲು ಗದ್ದೆಯಂಚಿನ ಪೊದೆಗಳು, ಆಮೇಲೆ ಹುಲ್ಲಿನ ಏರು. ಅದು ಮುಗಿದು ಕಾಡಿನೊಳಗೆ ಕಾಲಿಟ್ಟಾಗ ಬೆಳಕೇ ಬೇರೆಯಾಯಿತು. ನಾನು ಅಲ್ಲಿಯವರೆಗೆ ಕಾಡು ಎಂದರೆ ಊರಿನ ಅಕೇಶಿಯಾ ಗುಡ್ಡೆ ಎಂದುಕೊಂಡಿದ್ದವಳು. ಇಲ್ಲಿ ಯಾರೂ ನೆಟ್ಟ ಮರಗಳಿರಲಿಲ್ಲ. ಹೆಬ್ಬಲಸಿನ ಬುಡಗಳು ಗೋಡೆಗಳ ಹಾಗೆ ಹರಡಿದ್ದವು. ಬೈನೆ ಮರದ ಗೊನೆಗಳು ಜಡೆಯಂತೆ ಇಳಿಬಿದ್ದಿದ್ದವು. ಬೆತ್ತದ ಮುಳ್ಳು ಝೊಹರಾಳ ಶಾಲನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಧೂಪದ ಮರವೊಂದರ ಗಾಯದಿಂದ ಅಂಟು ಒಸರಿ ಗಟ್ಟಿಯಾಗಿತ್ತು. ಟೀಚರ್ ಉಗುರಿನಿಂದ ಒಂದು ಚೂರು ಎಬ್ಬಿಸಿ ನಮ್ಮ ಮೂಗಿನ ಬಳಿ ಹಿಡಿದರು.

ದಾರಿ ಕವಲೊಡೆದ ಕಡೆ ಅವರು ವಾಚರನ್ನು ಕೇಳಿದರು. "ಇಲ್ಲಿ ಬಲಕ್ಕೆ ಇಳಿದ್ರೆ ಒಂದು ಹಳ್ಳ ಇತ್ತಲ್ಲ, ನಡುವೆ ಚಪ್ಪಟೆ ಬಂಡೆ?"

ವಾಚರ್ ನಿಂತುಬಿಟ್ಟರು. "ಈಗಲೂ ಉಂಟು. ನಿಮಗೆ ಹೇಗೆ ಗೊತ್ತು ಅಮ್ಮ?"

ಆಗ ತಿಳಿಯಿತು. ಅವರ ತಂದೆಯೂ ಇದೇ ಕಾಡಿನಲ್ಲಿ ವಾಚರ್ ಆಗಿದ್ದರಂತೆ. ಎಂಟನೆಯ ವಯಸ್ಸಿನಿಂದ ಹನ್ನೆರಡರವರೆಗೆ, ಶಾಲೆಗೆ ರಜೆ ಬಂದಾಗಲೆಲ್ಲ ಅಪ್ಪನ ಜೊತೆ ಮೇಲಿನ ಮನೆಯಲ್ಲಿ ಇರುತ್ತಿದ್ದರಂತೆ. ಹನ್ನೆರಡು ತುಂಬಿದ ಮೇಲೆ, ದೊಡ್ಡ ಹುಡುಗಿ ಇನ್ನು ಕಾಡಿಗೆ ಹೋಗಬಾರದು ಎಂದು ಮನೆಯಲ್ಲಿ ತಡೆದರು. ಮತ್ತೆ ಮೂವತ್ತೆಂಟು ವರ್ಷ ಅವರು ಈ ದಾರಿಯಲ್ಲಿ ಬಂದಿರಲಿಲ್ಲ. ಇಷ್ಟನ್ನೂ ಅವರು ಏರು ಹತ್ತುತ್ತಾ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದರು.

ನಾಲ್ಕು ಗಂಟೆ ನಡೆದ ಮೇಲೆ ಮರಗಳ ನಡುವಿನ ಬಯಲಿನಲ್ಲಿ ಆ ಮನೆ ಕಂಡಿತು. ಕಲ್ಲಿನ ಗೋಡೆ, ತಗಡಿನ ಮಾಡು, ಮುಂದೊಂದು ಜಗಲಿ, ಹಿಂದೆ ಇಳಿಜಾರಿನಲ್ಲಿ ತೊರೆ. ಎರಡು ಕೋಣೆ. ನಾವು ಚೀಲ ಬಿಸಾಡಿ ಜಗಲಿಯಲ್ಲಿ ಉರುಳಿಕೊಂಡೆವು. ಟೀಚರ್ ಮಾತ್ರ ಒಳಗೆ ಹೋಗಲಿಲ್ಲ. ಅಂಗಳದಲ್ಲೇ ನಿಂತು ನೋಡುತ್ತಿದ್ದರು. "ಆಗ ಹುಲ್ಲಿನ ಮಾಡು ಇತ್ತು," ಎಂದರು. ಸಂಜೆ ಕುಚ್ಚಲಕ್ಕಿ ಗಂಜಿಗೆ ಹುರುಳಿ ಚಟ್ನಿ. ಅಷ್ಟು ರುಚಿಯ ಗಂಜಿಯನ್ನು ಆಮೇಲೆ ನಾನು ಎಲ್ಲಿಯೂ ಉಂಡಿಲ್ಲ. ಹಸಿವೆಗೆ ಹಾಗೆ ಅನಿಸಿತೋ ಏನೋ... ಝೊಹರಾ ಜಗಲಿಯ ಮೂಲೆಯಲ್ಲಿ ಚಾಪೆ ಹಾಕಿ ನಮಾಜು ಮುಗಿಸುವವರೆಗೆ ನಾವೆಲ್ಲ ಪಿಸುಮಾತಿನಲ್ಲೇ ಇದ್ದೆವು. ಮುಗಿಸಿ ಬಂದವಳು, "ದೇವರಿಗೆ ನನ್ನ ಕಾಲುನೋವಿನ ವಿಷಯ ಹೇಳಿದ್ದೇನೆ," ಎಂದಳು.

ಆದಿತ್ಯವಾರ ಬೆಳಿಗ್ಗೆ ಸುಜಾತ ಮತ್ತು ನಾನು ನೀರು ತರಲು ತೊರೆಗೆ ಇಳಿದೆವು. ಕೊಡಪಾನ ತುಂಬಿಸಿ ತಿರುಗುವಾಗ ಅವಳ ಕಾಲು ಪಾಚಿಯ ಮೇಲೆ ಜಾರಿ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು, ಮೈ ಆಚೆ ಬಿತ್ತು. ಒಣಗಿದ ಕೋಲು ಮುರಿದ ಹಾಗೆ ಶಬ್ದ. ನಾನು ಕೂಗಿದೆ. ಎಲ್ಲರೂ ಓಡಿ ಬಂದರು. ಮೊಣಕಾಲಿನ ಕೆಳಗೆ ಕಾಲು ತಿರುಗಬಾರದ ಕಡೆಗೆ ತಿರುಗಿತ್ತು.

ಟೀಚರ್ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಅದು ಒಂದೇ ನಿಮಿಷ. ಆಮೇಲೆ ವಾಚರ್ ಕಡೆಗೆ ತಿರುಗಿದರು.

ವಾಚರ್ ಹೇಳಿದ್ದು ಸರಿಯಾದದ್ದೇ. ಅಲ್ಲಿ ಫೋನು ಸಿಗುತ್ತಿರಲಿಲ್ಲ. ಅವರು ಓಡಿ ಇಳಿದು ಗಂಡಸರನ್ನು ಕರೆದುಕೊಂಡು ಬರುತ್ತಾರೆ, ನಾವು ಅಲ್ಲಿಯೇ ಕಾಯಬೇಕು. ಟೀಚರ್ ಬೆರಳು ಮಡಚಿ ಲೆಕ್ಕ ಹಾಕಿದರು. ಇಳಿಯಲು ಮೂರು ಗಂಟೆ, ಜನ ಸೇರಿಸಲು ಒಂದು, ಹತ್ತಲು ನಾಲ್ಕು. ಅಷ್ಟು ಹೊತ್ತಿಗೆ ಸಂಜೆ ಆಗುತ್ತದೆ, ಮತ್ತೆ ಕತ್ತಲಲ್ಲಿ ಇಳಿಸಲು ಸಾಧ್ಯವಿಲ್ಲ. ಎಂದರೆ ಈ ಹುಡುಗಿ ಮರುದಿನದವರೆಗೆ ಈ ಕಾಲು ಇಟ್ಟುಕೊಂಡು ಇಲ್ಲಿಯೇ ಮಲಗಬೇಕು.

"ನೀವು ಈಗಲೇ ಇಳಿಯಿರಿ. ಜೀಪು ತರಿಸಿ ರಸ್ತೆಯಲ್ಲಿ ನಿಲ್ಲಿಸಿ, ಸಿಕ್ಕಿದ ಜನರನ್ನು ಮೇಲೆ ಕಳಿಸಿ," ಎಂದರು. "ನಾವು ಹೊತ್ತುಕೊಂಡು ಇಳಿಯುತ್ತೇವೆ."

"ಯಾರು ಅಮ್ಮ ಹೊರುವುದು?"

"ನಾವು ಎಂಟು ಜನ ಇದ್ದೇವಲ್ಲ?"

ವಾಚರ್ ನಮ್ಮನ್ನು ನೋಡಿದರು. ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ನಿಜ ಹೇಳಬೇಕೆಂದರೆ ನನಗೆ ನಂಬಿಕೆ ಇರಲಿಲ್ಲ. ನಾನು ಅಳುತ್ತಿದ್ದೆ. ವಾಚರ್ ಮನೆಯ ಹಿಂದೆ ಮಾಡಿಗೆಂದು ಒರಗಿಸಿಟ್ಟಿದ್ದ ಎರಡು ಗಟ್ಟಿ ಬಿದಿರು ತಂದುಕೊಟ್ಟು, ಇನ್ನೊಂದನ್ನು ಸೀಳಿ ಪಟ್ಟಿ ಮಾಡಿಕೊಟ್ಟು, ಇಳಿದುಹೋದರು. ಟೀಚರ್ ನನ್ನ ದುಪಟ್ಟಾ ಕೇಳಿ ತೆಗೆದುಕೊಂಡು, ಆ ಪಟ್ಟಿಗಳನ್ನು ಸುಜಾತಳ ಕಾಲಿನ ಎರಡೂ ಬದಿಗೆ ಇಟ್ಟು, ಅಲುಗಾಡದ ಹಾಗೆ ಸುತ್ತಿ ಕಟ್ಟಿದರು. ಅವಳು ಕಿರುಚಿದರೂ ಅವರು ನಿಲ್ಲಿಸಲಿಲ್ಲ. ಎಲ್ಲರೂ ಸೇರಿ ಅವಳನ್ನು ಮೆಲ್ಲಗೆ ಎತ್ತಿ ತಂದು ಮನೆಯೊಳಗೆ ಮಲಗಿಸಿದೆವು.

ಆಮೇಲೆ ಅವಳನ್ನು ಹೊರುವ ಡೋಲಿಗೆಂದು ಎರಡು ಜಮಖಾನ ತರಿಸಿದರು. ಒಂದರ ಮೇಲೊಂದು ಹಾಸಿ, ಗೇಣಿನಲ್ಲಿ ಅಳೆದು, ಎರಡೂ ಅಂಚುಗಳನ್ನು ಬಿದಿರು ತೂರುವಷ್ಟು ಅಗಲಕ್ಕೆ ಮಡಚಿದರು. ಅವರ ಚೀಲದಲ್ಲಿ ಯಾವಾಗಲೂ ಇರುವ ತಗಡಿನ ಡಬ್ಬಿಯಿಂದ ಸೂಜಿಗಳು ಬಂದವು. ನೂಲನ್ನು ನಾಲ್ಕು ಎಳೆ ಸೇರಿಸಿ, ಮೇಣದಬತ್ತಿಗೆ ಉಜ್ಜಿ ನಮ್ಮ ಕೈಗೆ ಕೊಟ್ಟರು. ಒಬ್ಬಳು ಸುಜಾತಳ ಹತ್ತಿರ ಕುಳಿತಳು. ಉಳಿದ ನಾವು ಜಗಲಿಯಲ್ಲಿ ಎದುರುಬದುರು ಕುಳಿತು ಎರಡೂ ಅಂಚಿಗೆ ಬ್ಯಾಕ್ ಸ್ಟಿಚ್ ಹಾಕತೊಡಗಿದೆವು. ದಪ್ಪ ಜಮಖಾನಕ್ಕೆ ಸೂಜಿ ಇಳಿಯುತ್ತಿರಲಿಲ್ಲ. ಬೆರಳಿನಲ್ಲಿ ರಕ್ತ ಬಂತು. ಒಳಗಿನಿಂದ ಸುಜಾತಳ ನರಳಾಟ ಒಂದೇ ಕೇಳುತ್ತಿತ್ತು.

ಟೀಚರ್ ತಮ್ಮ ಭಾಗ ಮುಗಿಸಿ ಎಲ್ಲರ ಹೊಲಿಗೆಯನ್ನೂ ಎಳೆದು ನೋಡುತ್ತಾ ಬಂದರು. ನನ್ನ ಹತ್ತಿರ ನಿಂತರು. ಬೆರಳು ಬಂತು.

"ಬಿಚ್ಚು. ಇನ್ನೊಮ್ಮೆ ಹಾಕು."

ನನಗೆ ಸಿಟ್ಟು ತಲೆಗೇರಿತು. "ಅವಳು ಅಲ್ಲಿ ಸಾಯ್ತಿದ್ದಾಳೆ ಟೀಚರ್! ಈಗಲೂ ಬಿಚ್ಚುವುದಾ?"

ಅವರು ನನ್ನ ಪಕ್ಕದಲ್ಲಿ ಕುಳಿತುಕೊಂಡರು. ಗದರಲಿಲ್ಲ. ತಾವೇ ಕತ್ತರಿ ತೆಗೆದು ನನ್ನ ಸಡಿಲ ಹೊಲಿಗೆಯನ್ನು ಕತ್ತರಿಸಿದರು. "ಇಳಿಜಾರಿನಲ್ಲಿ ಇದು ಬಿಟ್ಟರೆ ಅವಳು ತಲೆ ಕೆಳಗಾಗಿ ಬೀಳ್ತಾಳೆ. ನಾನು ಅವಳ ಅತ್ತೆಗೆ ಮಾತು ಕೊಟ್ಟಿದ್ದೇನೆ. ಹಾಕು ಮಗ, ನಾನು ಇಲ್ಲೇ ಕೂತಿರ್ತೇನೆ." ಆ ಕ್ಲಾಸಿನಲ್ಲಿ ಅವರು ನನ್ನನ್ನು ಮಗ ಎಂದದ್ದು ಅದೊಂದೇ ಸಲ. ಮತ್ತೆ ಹಾಕಿದೆ. ಒತ್ತೊತ್ತಾಗಿ, ಒಂದೊಂದು ಹೊಲಿಗೆಯನ್ನೂ ಎಳೆದು. ಅವರು ಬೆರಳಿನಿಂದ ಒತ್ತಿ ನೋಡಿ, ತಲೆಯಾಡಿಸಿ ಎದ್ದರು.

ಮಡಚಿದ ಅಂಚುಗಳಿಗೆ ಬಿದಿರು ತೂರಿಸಿ, ಸುಜಾತಳನ್ನು ಅದರಲ್ಲಿ ಮಲಗಿಸಿ ಒಂಬತ್ತೂವರೆಗೆ ಹೊರಟೆವು. ನಾಲ್ವರು ಹೊರುವುದು, ಇಬ್ಬರು ಚೀಲ ಹಿಡಿಯುವುದು, ಒಬ್ಬಳು ಮುಂದೆ ದಾರಿ ನೋಡುವುದು, ಒಬ್ಬಳು ಪಕ್ಕದಲ್ಲಿ ಸುಜಾತಳ ಕೈ ಹಿಡಿದು ನಡೆಯುವುದು. ನೂರು ಹೆಜ್ಜೆಗೆ ಪಾಳಿ ಬದಲು. ಟೀಚರ್ ಯಾವ ಪಾಳಿಯನ್ನೂ ಬಿಡಲಿಲ್ಲ. ಇಳಿಜಾರಿನಲ್ಲಿ ಮುಂದಿನವರ ಹೆಗಲ ಮೇಲೆ ಎಲ್ಲ ಭಾರ ಬೀಳುತ್ತದೆ, ಅಲ್ಲಿ ಝೊಹರಾ ನಿಂತಳು. ಅಂಗಡಿಯಲ್ಲಿ ಬಟ್ಟೆಯ ಥಾನು ಎತ್ತಿ ಎತ್ತಿ ಅವಳ ತೋಳು ಗಟ್ಟಿಯಾಗಿತ್ತು. ದಾರಿಗೆ ಅಡ್ಡವಾದ ಹಳ್ಳವೊಂದನ್ನು ದಾಟುವಾಗ ಎಂಟೂ ಜನ ನೀರಿಗಿಳಿದು, ಬಿದಿರನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದೆವು. ಬೆತ್ತದ ಪೊದೆಗಳ ಬಳಿ ದಾರಿ ಸಾಲದೆ ಮಂಡಿಯೂರಿ ಸರಿದೆವು. ಎಲ್ಲಿಯೋ ಒಂದು ಕಡೆ ಸುಜಾತ ನೋವಿನ ನಡುವೆಯೇ, "ನನ್ನಿಂದಾಗಿ ನಿಮಗೆಲ್ಲ..." ಎಂದು ಅಳತೊಡಗಿದಳು. ಝೊಹರಾ ಏದುಸಿರಿನಲ್ಲಿ, "ಸುಮ್ಮನೆ ಮಲಗು ಮಾರಾಯ್ತಿ. ಮದುವೆಯಲ್ಲೂ ನಿನಗೆ ಇಂಥ ಮೆರವಣಿಗೆ ಆಗಿರ್ಲಿಕ್ಕಿಲ್ಲ," ಎಂದಳು. ಅಷ್ಟು ಕಷ್ಟದಲ್ಲಿಯೂ ನಾವು ನಕ್ಕೆವು. ಡೋಲಿ ಅಲುಗಾಡಿತು, ಸುಜಾತ ಬೈದಳು.

ಹುಲ್ಲಿನ ಏರು ಕಂಡಾಗ ಮಧ್ಯಾಹ್ನ ಎರಡು ದಾಟಿತ್ತು. ಜನ ಸೇರಿಸಲು ತಡವಾಗಿ, ಕೆಳಗಿನಿಂದ ಐದಾರು ಗಂಡಸರು ಆಗಷ್ಟೇ ಹತ್ತಿ ಬರುತ್ತಿದ್ದರು. ಅವರು ಕೈ ಚಾಚಿದರು. ಟೀಚರ್ ನಮ್ಮ ಕಡೆ ನೋಡಿದರು. "ಕೊಡುವುದಾ, ಇನ್ನು ಸ್ವಲ್ಪ ಉಂಟು?" ಯಾರೂ ಹೆಗಲು ಬಿಡಲಿಲ್ಲ. ಅದು ಹಠವೇ ಇರಬಹುದು. ಗಂಡಸರು ಚೀಲಗಳನ್ನು ತೆಗೆದುಕೊಂಡು, ಜಾರುವಲ್ಲಿ ಆಸರೆ ಕೊಡುತ್ತಾ ಪಕ್ಕದಲ್ಲಿ ನಡೆದರು. ಹಾಗೆ ಜೀಪಿನವರೆಗೂ ನಾವೇ ಹೊತ್ತೆವು. ವಾಚರ್ ಡೋಲಿಯ ಅಂಚನ್ನು ಮುಟ್ಟಿ ನೋಡಿ, "ಒಂದು ನೂಲೂ ಬಿಟ್ಟಿಲ್ಲ," ಎಂದರು. ನನ್ನ ಜೀವನದಲ್ಲಿ ಆಮೇಲೆ ಬಂದ ಯಾವ ಹೊಗಳಿಕೆಯೂ ನನಗೆ ಅಷ್ಟು ದೊಡ್ಡದು ಅನಿಸಿಲ್ಲ.

ಬೆಳ್ತಂಗಡಿಯ ಆಸ್ಪತ್ರೆಗೆ ಅವಳ ಅತ್ತೆ ಬಂದರು. ಟೀಚರ್ ಎದ್ದು ಎದುರಿಗೆ ಹೋಗಿ ಕೈ ಮುಗಿದರು. "ಕೊಟ್ಟ ಮಾತು ಉಳಿಸ್ಲಿಕ್ಕೆ ನನ್ನಿಂದ ಆಗಲಿಲ್ಲ."

"ನಿಮಗೆ ಬುದ್ಧಿ ಉಂಟಾ ಟೀಚರ್?" ಅತ್ತೆಯ ಧ್ವನಿ ವರಾಂಡವಿಡೀ ಕೇಳಿಸಿತು. "ಪ್ರಾಯ ಆದವರು ಮಾಡುವ ಕೆಲಸವಾ ಇದು? ಜೀವ ಹೋಗ್ತಿದ್ರೆ ಏನು ಮಾಡ್ತಿದ್ರಿ?"

ಟೀಚರ್ ತಲೆ ತಗ್ಗಿಸಿ ನಿಂತು ಎಲ್ಲ ಕೇಳಿಸಿಕೊಂಡರು. ನಮಗೆ ಸಂಕಟವಾಯಿತು. ಏನೋ ಹೇಳಲು ಹೊರಟ ಝೊಹರಾಳನ್ನು ಟೀಚರ್ ಕಣ್ಣಿನಲ್ಲೇ ತಡೆದರು. ಆಗ ಅತ್ತೆಯ ನೋಟ ನಮ್ಮ ಮೇಲೆ ಬಿತ್ತು. ಹರಿದ ಚೂಡಿದಾರ, ಕೆಸರು, ಹೆಗಲ ಮೇಲೆ ರಕ್ತದ ಕಲೆ. ಅವರು ಝೊಹರಾಳ ಹತ್ತಿರ ಬಂದು ಅವಳ ಹೆಗಲಿನ ಬಟ್ಟೆಯನ್ನು ಸ್ವಲ್ಪ ಸರಿಸಿ ನೋಡಿದರು. ಚರ್ಮ ಸುಲಿದುಹೋಗಿತ್ತು.

"ಹೊತ್ತದ್ದು ನೀವೇ ಹೆಂಗಸರಾ? ಅಷ್ಟು ದೂರವಾ?"

"ಹೌದಮ್ಮ," ಎಂದಳು ಝೊಹರಾ.

ಅತ್ತೆ ಹೊರಗೆ ಹೋಗಿ, ಸ್ವಲ್ಪ ಹೊತ್ತಿನ ಮೇಲೆ ಎಂಟು ಪೊಟ್ಟಣ ಅವಲಕ್ಕಿ ಮತ್ತು ಚಹಾ ತೆಗೆದುಕೊಂಡು ಬಂದರು. ಮೊದಲ ಪೊಟ್ಟಣ ಕೊಟ್ಟದ್ದು ಟೀಚರ್‌ಗೆ. ಮುಖ ಮಾತ್ರ ಬಿಗಿದೇ ಇತ್ತು.

ಸುಜಾತಳ ಪ್ಲಾಸ್ಟರ್ ತೆಗೆಯುವವರೆಗೆ ಟೀಚರ್ ಪ್ರತಿ ಆದಿತ್ಯವಾರ ಬಸ್ಸು ಹಿಡಿದು ಅಳದಂಗಡಿಗೆ ಹೋದರು. ಮೊದಲ ಕೆಲವು ವಾರ ಅತ್ತೆ ಅವರೊಡನೆ ಮಾತನಾಡಲಿಲ್ಲವಂತೆ. ಇಷ್ಟರಲ್ಲಿ ನನಗೆ ಮದುವೆಯಾಗಿ, ಗಂಡನ ಜೊತೆ ಮಸ್ಕತ್ತಿಗೆ ಹೋದೆ. ಮುಂದಿನದ್ದನ್ನು ಝೊಹರಾ ಫೋನಿನಲ್ಲಿ ನಗುತ್ತಾ ಹೇಳಿದಳು. ಮರುವರ್ಷ ಟೀಚರ್ ಮತ್ತೆ ಗುಡ್ಡೆಗೆ ಎಂದಾಗ, ಹೊಸ ಬ್ಯಾಚಿನ ಒಂದು ಮನೆಯಲ್ಲೂ ಒಪ್ಪಲಿಲ್ಲ. ಕಾಲು ಮುರಿದ ಕಥೆ ಊರಿಡೀ ಹಬ್ಬಿತ್ತು. ಟೀಚರ್ ಸುಮ್ಮನಾಗಿಬಿಟ್ಟರಂತೆ. ಆಗ ಒಂದು ದಿನ ಅಳದಂಗಡಿಯಿಂದ ಸುಜಾತಳ ಅತ್ತೆಯೇ ಬಂದು ಮಹಡಿ ಹತ್ತಿದರು. "ಯಾವ ಯಾವ ಮನೆ ಹೇಳಿ, ನಾನು ಬರ್ತೇನೆ." ಹೋದಲ್ಲೆಲ್ಲ ಅವರು ಹೇಳಿದ್ದು ಇಷ್ಟೇ: "ಕಾಲು ಮುರಿದದ್ದು ನನ್ನ ಸೊಸೆಯದ್ದು. ನಾನೇ ಹೇಳ್ತಾ ಇದ್ದೇನೆ, ಕಳಿಸಿ."

ಆಮೇಲೆ ಯಾವ ವರ್ಷವೂ ಆ ಪ್ರಯಾಣ ತಪ್ಪಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ಹತ್ತು ಹದಿನೈದು ಹೆಂಗಸರು. ಹಳೆಯ ಬ್ಯಾಚಿನವರೂ ಬರತೊಡಗಿದರು. ಹೊರಡುವ ಮುಂಚೆ ಎಲ್ಲರಿಗೂ ಡೋಲಿ ಹೊಲಿಯುವುದನ್ನು ಟೀಚರ್ ಕಲಿಸುತ್ತಿದ್ದರಂತೆ. ಮತ್ತೆ ಅದರ ಅಗತ್ಯ ಬೀಳಲಿಲ್ಲ.

ಮೂರು ವರ್ಷಗಳ ಹಿಂದೆ ನಾವು ಊರಿಗೆ ಮರಳಿ ಬಂಟ್ವಾಳದಲ್ಲಿ ಮನೆ ಮಾಡಿದೆವು. ಟೀಚರ್ ಫೋನು ಮಾಡಿದರು. "ಬರ್ತೀಯಾ?" ಮಗಳ ಪರೀಕ್ಷೆ ಇತ್ತು. ಮುಂದಿನ ವರ್ಷ ಖಂಡಿತ ಎಂದೆ. ಮುಂದಿನ ವರ್ಷ ಗಂಡನ ಅಂಗಡಿಯ ಕೆಲಸ. ಅವರು ಒಮ್ಮೆಯೂ ಆಕ್ಷೇಪಿಸಲಿಲ್ಲ. "ಗುಡ್ಡೆ ಎಲ್ಲಿಗೂ ಹೋಗುವುದಿಲ್ಲ," ಎಂದು ನಕ್ಕರು. ಕಳೆದ ಮಳೆಗಾಲದಲ್ಲಿ, ಮೂರೇ ದಿನದ ಜ್ವರಕ್ಕೆ, ಅವರೇ ಹೋಗಿಬಿಟ್ಟರು. ಅವರ ಜೊತೆ ಇನ್ನೊಮ್ಮೆ ಆ ದಾರಿಯಲ್ಲಿ ನಡೆಯಲು ನನಗೆ ಆಗಲೇ ಇಲ್ಲ...

ಈ ಡಿಸೆಂಬರಿನಲ್ಲಿ ಹೋದೆ. ಸುಜಾತ, ಝೊಹರಾ ಸೇರಿ ಹದಿನಾಲ್ಕು ಮಂದಿ ಇದ್ದೆವು. ರಸ್ತೆ ಮುಗಿಯುವಲ್ಲಿ ಈಗ ಇಲಾಖೆಯ ಗೇಟು ಬಂದಿದೆ. ಅಲ್ಲಿನ ತರುಣ ಒಂದು ಫಾರಂ ಕೊಟ್ಟ. ಹೆಸರು, ಊರು, ವಯಸ್ಸು ಎಲ್ಲ ತುಂಬಿಸಿದ ಮೇಲೆ ಒಂದು ಗೆರೆ ಖಾಲಿ ಉಳಿಯಿತು. 'ಗುಂಪಿನ ಮುಖ್ಯಸ್ಥರು.' ಪೆನ್ನು ಸುಜಾತಳ ಕೈಯಲ್ಲಿತ್ತು. ಅವಳು ಝೊಹರಾಳಿಗೆ ಕೊಟ್ಟಳು. ಝೊಹರಾ ನನಗೆ ಕೊಟ್ಟಳು. ನಾನು ಮತ್ತೆ ಸುಜಾತಳಿಗೇ ಕೊಟ್ಟೆ.

"ಬೇಗ ಬರೀರಿ ಅಮ್ಮ, ಬಿಸಿಲು ಏರ್ತದೆ," ಎಂದ ತರುಣ.

ಸುಜಾತ ಬಗ್ಗಿ, ಆ ಗೆರೆಯ ಮೇಲೆ ನಿಧಾನವಾಗಿ ತನ್ನ ಹೆಸರು ಬರೆದಳು. ಬರೆದು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ತಲೆ ಎತ್ತಲಿಲ್ಲ. ನಾವು ಯಾರೂ ಅವಸರ ಮಾಡಲಿಲ್ಲ.